ಮೆತ್ತಡಿಯಲ್ಲಿ ಇಳಿಯುವವರು

ಆ ರವಿವಾರ ಬೆಳಿಗ್ಗೆ ಚಾ ಅಂಗಡಿಯ ಮುಂದೆ ಇದ್ದವರು ನಾವು ಐದೇ ಜನ. ಬೆಂಚಿನ ಮೇಲೆ ಅಕ್ಕೋರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹೀಗೆ ಕರೆಯುವುದು. ಇವರು ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಊರಿಗೆಲ್ಲ ಅಕ್ಕೋರೇ. ಬಿಳಿ ಸೀರೆ, ಕಂಕುಳಲ್ಲಿ ಬೈಬಲ್ಲಿನ ಚೀಲ, ಬಿಸಿಲಿಗೂ ಮಳೆಗೂ ಒಂದೇ ಕರಿ ಕೊಡೆ. ಅವರ ಕಾಲ ಹತ್ತಿರ ನೆಲದ ಮೇಲೆ ಮೀನು ಮಾರುವ ಮಾವಶಿ, ಮುಂದೆ ತೆಂಗಿನ ಗರಿ ಮುಚ್ಚಿದ ಬುಟ್ಟಿ. ಒಳಗೆ ಒಲೆಯ ಬುಡದಲ್ಲಿ ಅಂಗಡಿಯ ಭಾವ. ನನಗೆ ರಕ್ತದಿಂದ ಏನೂ ಆಗಬೇಕಾದವನಲ್ಲ, ಎಲ್ಲರಿಗೂ ಭಾವ. ಮೋಟಾರ್‌ಸೈಕಲ್ಲಿನ ಮೇಲಿಂದ ಇಳಿಯದೆ ಒಂದು ಕಾಲು ಊರಿಕೊಂಡಿದ್ದ ಪಂಚಾಯ್ತಿ ಮೆಂಬರ. ಮತ್ತೆ ನಾನು, ಕಾರವಾರದ ಸಂತೆಗೆಂದು ಖಾಲಿ ಚೀಲ ಹಿಡಿದು, ಕೂತರೆ ಬಸ್ಸು ತಪ್ಪೀತು ಎಂದು ನಿಂತು, ನಿಂತರೆ ಕಾಲು ನೋಯುತ್ತದೆ ಎಂದು ಕೂತು.

ಬಸ್ಸು ಬಂತು. ಮಾವಶಿ ಎದ್ದು ಸೆರಗು ಬೀಸಿದಳು, ನಾನು ಚೀಲ ಬೀಸಿದೆ, ಅಕ್ಕೋರು ಕೊಡೆ ಎತ್ತಿದರು. ಬಸ್ಸು ದೊಡ್ಡ ರಸ್ತೆಯ ನಡುವಿನ ಗೆರೆ ಹಿಡಿದುಕೊಂಡೇ ನಮ್ಮೆದುರು ಹಾದು ಹೋಯಿತು. ಅದರ ಗಾಳಿಗೆ ಭಾವನ ಖಾಲಿ ಗ್ಲಾಸುಗಳು ಹಲಗೆಯ ಮೇಲೆ ಕಿಣಿಕಿಣಿ ಎಂದವು.

‘ಹೋಯ್ತು ಗೋ ಬಾಯ್,’ ಎಂದಳು ಮಾವಶಿ ನನ್ನ ಕಡೆ ತಿರುಗಿ. ಅವಳ ಬಾಯಲ್ಲಿ ಹೆಂಗಸರೆಲ್ಲ ಬಾಯ್. ‘ನಮ್ಮನ್ನ ನೋಡ್ದ ಅಂವ. ನೋಡೇ ಹೋದ. ಹಲ್ಲು ಬ್ಯಾರೆ ಬಿಟ್ಟ.’

‘ನಿನ್ನ ಬುಟ್ಟಿ ವಾಸ್ನೆಗೆ ಹೆದ್ರಿ ಓಡ್ದಾ ಅಂವ,’ ಎಂದ ಭಾವ.

‘ಅಲ್ಲ, ನಿಂತ್ರೆ ನಿನ್ನ ಚಾ ಕುಡೀಬೇಕಾಗ್ತದೆ ಅಂತ ಹೆದ್ರಿ ಓಡ್ದ.’

ಅಕ್ಕೋರು ನಗಲಿಲ್ಲ. ಕೊಡೆಯನ್ನು ಮೆಲ್ಲಗೆ ಮಡಚಿ ಅದರ ಗುಂಡಿ ಹಾಕಿದರು. ಕಾರವಾರದ ಚರ್ಚಿನಲ್ಲಿ ಆರಾಧನೆ ಶುರುವಾಗುವ ಹೊತ್ತು ಹತ್ತಿರ ಬಂದಿತ್ತು.

ಮೊದಲು ಹೀಗಿರಲಿಲ್ಲ. ಅವರ್ಸಾ ದಾಟಿ ಅಂಕೋಲೆಯ ಕಡೆ ಸ್ವಲ್ಪ ಬಂದರೆ ಹಳೇ ರಸ್ತೆ ಒಂದು ಕಡೆ ಸೊಂಟ ಬಳುಕಿಸಿದ ಹಾಗೆ ತಿರುಗುತ್ತಿತ್ತು. ಆ ತಿರುವಿನಲ್ಲಿ ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು, ಒಂದೇ ಕೋಣೆಯ ಒಂದು ಚಾಪೆಲ್ಲು. ಅದರ ಗೋಡೆಯ ನೆರಳೇ ನಮ್ಮ ಬಸ್ ಸ್ಟಾಪು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಿರುವಿಗೆ ಬಸ್ಸು ಹೇಗೂ ನಿಧಾನವಾಗಬೇಕು, ನಿಧಾನವಾದ ಮೇಲೆ ನಿಂತರಾಯಿತು. ರಸ್ತೆ ಅಗಲವಾಗುವಾಗ ತಿರುವು ನೇರವಾಯಿತು. ಚಾಪೆಲ್ಲು ರಸ್ತೆಯ ಹೊಟ್ಟೆಯೊಳಗೆ ಹೋಯಿತು. ಹಳೇ ರಸ್ತೆ ಈಗ ಕಾರವಾರಕ್ಕೆ ಹೋಗುವ ಬದಿ, ಗುಡ್ಡದ ಕಡೆಯ ಹೊಸ ರಸ್ತೆ ಅಂಕೋಲೆಗೆ ಹೋಗುವ ಬದಿ, ನಡುವೆ ಮಣ್ಣಿನ ದಿಣ್ಣೆ, ಅದರ ಮೇಲೆ ಕಣಗಿಲೆ ಗಿಡ. ನೇರ ರಸ್ತೆಯಲ್ಲಿ ಬಸ್ಸಿಗೆ ನಿಧಾನವಾಗುವ ಕಾರಣವೇ ಇಲ್ಲ. ನಿಲ್ಲಿಸಿ ಎಂದರೆ ಕಂಡಕ್ಟರ ಕೈಯ ಮಷೀನು ತೋರಿಸಿ, ಇದರಲ್ಲಿ ನಿಮ್ಮ ಸ್ಟಾಪಿಲ್ಲ ಎನ್ನುತ್ತಾನೆ.

ನನಗೆ, ಮಾವಶಿಗೆ ಇದು ಒಂದು ಕಿರಿಕಿರಿ ಅಷ್ಟೇ. ಬೈದುಕೊಳ್ಳುತ್ತ ಅವರ್ಸಾದವರೆಗೆ ನಡೆದರೆ ಅಲ್ಲಿ ಬಸ್ಸು ಸಿಗುತ್ತದೆ. ಅಕ್ಕೋರ ಮೊಣಕಾಲು ಹಾಗಲ್ಲ. ಅಷ್ಟು ನಡೆದ ರವಿವಾರ ಕಳೆದು ಬುಧವಾರದವರೆಗೂ ಅವರು ಗೋಡೆ ಹಿಡಿದು ಓಡಾಡುತ್ತಾರೆ. ಊರಲ್ಲಿದ್ದ ಅವರ ಸಭೆಯ ಉಳಿದ ಮನೆಯವರೆಲ್ಲ ಒಬ್ಬೊಬ್ಬರೇ ಕಾರವಾರಕ್ಕೆ, ಹುಬ್ಬಳ್ಳಿಗೆ ಹೋಗಿ ನೆಲೆ ಕಂಡುಕೊಂಡಿದ್ದರು. ಇಲ್ಲಿ ಉಳಿದವರು ಇವರೊಬ್ಬರೇ. ರವಿವಾರ ನಾಲ್ಕು ಜನರ ನಡುವೆ ಕೂತು ಹಾಡಬೇಕು, ಅದೊಂದೇ ಅವರಿಗೆ ಬೇಕಾದದ್ದು. ಮನೆಯಲ್ಲಿ ಕೂತು ಫೋನಿನಲ್ಲಿ ಆರಾಧನೆ ನೋಡಿ ಎಂದು ಯಾರೋ ಹೇಳಿದ್ದಕ್ಕೆ, ‘ಫೋನು ನನ್ನ ದನಿ ಕೇಳ್ತದೇನು?’ ಎಂದಿದ್ದರಂತೆ.

ಮೆಂಬರ ಆ ದಿನ ಬಂದದ್ದು ಇದೇ ವಿಷಯಕ್ಕೆ.

‘ನಿಮ್ಗೆ ತಂಗುದಾಣ ಸಿಕ್ತದೆ ಅಕ್ಕೋರೆ,’ ಎಂದ. ‘ಎರಡೂ ಬದಿಗೆ ಒಂದೊಂದು. ಮಷೀನಿಗೂ ಸ್ಟಾಪು ಹಾಕಿಸ್ತೆ ಅಂದಾರೆ. ಆದ್ರೆ ಹೆಸ್ರು ಬೇಕು. ಹೆಸ್ರಿಲ್ಲದ ಜಾಗಕ್ಕೆ ಸ್ಟಾಪು ಕೊಡೂಕೆ ಬರೂದಿಲ್ಲಂತೆ. ಮುಂದಿನ ಸೋಮವಾರದೊಳಗೆ ಹೇಳ್ದಿದ್ರೆ ಆ ಶೆಡ್ಡು ಪಕ್ಕದ ವಾರ್ಡಿಗೆ ಹೋಗ್ತದೆ. ಅವ್ರು ಬಾಯಿ ಕಳ್ಕಂಡಿ ಕೂತಾರೆ.’

‘ಹೆಸ್ರಿಗೆಂತಾ ಬರಗಾಲ?’ ಎಂದ ಭಾವ.

‘ಹೊಸ ರಸ್ತೆ ಕ್ರಾಸ್ ಅಂತ ಕೊಡ್ವಾ ಅಂತ ನಾನು,’ ಎಂದ ಮೆಂಬರ.

ಮಾವಶಿಗೆ ಸಿಟ್ಟು ಬಂತು. ‘ಎಲ್ಲಿ ನೋಡ್ದ್ರೂ ಹೊಸ ರಸ್ತೆನೇ ಅದೆಯಲ್ಲೋ ಬಾಬಾ. ಕಾರವಾರದಿಂದ ಭಟ್ಕಳದವರೆಗೂ ಹೊಸ ರಸ್ತೆ ಕ್ರಾಸೇ. ನಾ ಎಲ್ಲಿ ಇಳೂದು? ಬುಟ್ಟಿ ತಕಂಡಿ ಭಟ್ಕಳಕ್ಕೆ ಹೋಗೂದಾ?’

‘ಹುಡುಗ್ರು ದೇವಿ ಹೆಸ್ರು ಇಡ್ವಾ ಅಂತ್ರು.’

‘ದೇವಿ ಇರೂದು ಗುಡ್ಡದ ಬುಡಕ್ಕೆ,’ ಎಂದ ಭಾವ. ‘ಇಲ್ಲಿ ಇಳಿದವ್ರು ದೇವಿ ಹುಡುಕ್ತಾ ಹುಡುಕ್ತಾ ಸಮುದ್ರಕ್ಕೆ ಬೀಳ್ತ್ರು. ಇರೂ ಹೆಸ್ರು ಬಿಟ್ಟು ಇಲ್ಲದ್ದು ಯಾಕೆ? ಮೆತ್ತಡಿ ಅಂತ ಬರೆಸು. ಮುಗೀತು.’

ಅಕ್ಕೋರು ತಲೆ ಎತ್ತಿದರು. ಆ ಶಬ್ದಕ್ಕೂ ಅಕ್ಕೋರಿಗೂ ಇರುವ ಹಗೆ ನನಗೆ ಗೊತ್ತಿದ್ದದ್ದೇ.

ಆ ಕಟ್ಟಡದ ಹೆಸರು ಮೆಥೊಡಿಸ್ಟ್ ಪ್ರಾರ್ಥನಾಲಯ. ಬಾಗಿಲ ಮೇಲಿನ ಗೋಡೆಯಲ್ಲಿ ನೀಲಿ ಬಣ್ಣದ ಅಕ್ಷರಗಳಲ್ಲಿ ಹಾಗೇ ಬರೆದಿತ್ತು. ಬರೆದವರು ಅಕ್ಕೋರ ತಂದೆ, ಬೆಳಗಾವಿಯ ಕಡೆಯಿಂದ ಘಟ್ಟ ಇಳಿದು ಬಂದು ನಮ್ಮಲ್ಲಿ ಕಂಪೌಂಡರರಾಗಿದ್ದವರು. ಕ್ಯಾಥೊಲಿಕರ ದೇವಾಲಯಕ್ಕೆ ಇಗರ್ಜಿ ಎನ್ನುವುದು ನಮ್ಮವರ ಬಾಯಿಗೆ ರೂಢಿ. ಇದು ಇಗರ್ಜಿ ಅಲ್ಲ ಎಂದು ಕಂಪೌಂಡರು ಕೇಳಿದವರಿಗೆಲ್ಲ ತಾಳ್ಮೆಯಿಂದ ಹೇಳಿದರು. ಅಲ್ಲದಿದ್ದರೆ ಮತ್ತೆ ಎಂತ? ಮೆಥೊಡಿಸ್ಟ್. ನಮ್ಮ ಹಿರಿಯರು ಆ ಶಬ್ದವನ್ನು ಬಾಯಲ್ಲಿ ಹಾಕಿಕೊಂಡು ಆಚೆ ಈಚೆ ಹೊರಳಿಸಿ ನೋಡಿದರು. ಸಣ್ಣ ಮೀನಿನ ಮುಳ್ಳು ತೆಗೆಯುವ ಹಾಗೆ ಅದರೊಳಗಿನ ಚುಚ್ಚುವುದನ್ನೆಲ್ಲ ನಾಲಿಗೆಯಿಂದಲೇ ತೆಗೆದು ಪಕ್ಕಕ್ಕಿಟ್ಟರು. ಉಳಿದದ್ದು ಮೆತ್ತಡಿ.

ನನಗೆ ಮಾತು ಕಲಿಸಿದವಳು ನನ್ನ ಅಜ್ಜಿ. ಅವಳಿಗೆ ಓದು ಬಾರದು, ಆದರೆ ಯಾವ ಶಬ್ದವನ್ನೂ ಅರ್ಥ ಕೊಡದೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಕಾಯಿ, ಸೌದೆ ಇಡಲು ಮೇಲೆ ಹಲಗೆ ಹೊಡೆದ ಮೆತ್ತು ಇರುತ್ತದಲ್ಲ, ಅಂಥದ್ದೇ ಒಂದು ಮೆತ್ತು ಚಾಪೆಲ್ಲಿನ ಬಾಗಿಲ ಮೇಲೂ ಇತ್ತು. ಮಡಚಿದ ಚಾಪೆಗಳನ್ನು ಅದರ ಮೇಲೆ ಇಡುತ್ತಿದ್ದರು. ‘ಆ ಮೆತ್ತಿನ ಅಡಿಯಿಂದ ನುಗ್ಗಿ ಹೋಗ್ಬೇಕು, ಅದ್ಕೇ ಮೆತ್ತಡಿ. ಇದ್ರಲ್ಲಿ ಕೇಳೂದೆಂತಾ ಅದೆ?’ ಎನ್ನುತ್ತಿದ್ದಳು. ನಾನು ನಂಬಿದ್ದೆ. ಶಾಲೆಯಲ್ಲಿ ಅದನ್ನೇ ಹೇಳಿ ಅಕ್ಕೋರ ಕೈಗೆ ಸಿಕ್ಕಿಬಿದ್ದೆ.

‘ಹೇಳು. ಮೆ.’

‘ಮೆ.’

‘ಥೊ.’

‘ತೊ.’

‘ತೊ ಅಲ್ಲ. ಥೊ. ಹೊಟ್ಟೆಯಿಂದ ಉಸಿರು ಬರಬೇಕು.’

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ಉಸಿರು ಬಿಟ್ಟಿತು. ಕೊನೆಯ ‘ಸ್ಟ್’ಗೆ ಬಂದಾಗ ಯಾರಿಗೂ ಅಲ್ಲೇ ನಿಲ್ಲಿಸಲು ಬರಲಿಲ್ಲ. ಮೆತೊಡಿಸ್ಟು, ಮೆತೊಡಿಷ್ಟು, ಕೊನೆಯ ಬೆಂಚಿನಿಂದ ‘ಮೆತ್ತಡಿ ಇಷ್ಟು’ ಎಂದೂ ಬಂತು. ಅಕ್ಕೋರು ಆ ವರ್ಷವಿಡೀ ಪ್ರಯತ್ನಿಸಿದರು. ಕಾಗುಣಿತ, ಮಗ್ಗಿ, ಬಾಯಿಪಾಠ ಎಲ್ಲವನ್ನೂ ನಮ್ಮ ತಲೆಗೆ ಹಾಕಿದ ಹೆಂಗಸು ಆ ಒಂದು ಶಬ್ದದ ಎದುರು ಸೋತರು.

ಭಾವನ ಮಾತಿಗೆ ತಿರುಗಿ ಬರುತ್ತೇನೆ. ಮೆತ್ತಡಿ ಎಂದದ್ದೇ ಮೆಂಬರನಿಗೂ ಹಿಡಿಸಿತು. ಅವನು ಚಾಪೆಲ್ಲಿನಲ್ಲಿ ಆರಾಧನೆ ನಿಲ್ಲುತ್ತ ಬಂದ ಕಾಲಕ್ಕೆ ಹುಟ್ಟಿದವನು. ‘ಹೌದಲ್ಲ, ಎಲ್ಲಾರೂ ಹಂಗೇ ಹೇಳ್ತ್ರು. ಅದೆಂತಾ ಹೆಸ್ರು ಭಾವ, ಮೆತ್ತಡಿ?’ ಎಂದು ಕೇಳಿದ.

‘ಚಪ್ಪಲಿ ಹೊರಗೆ ಬಿಟ್ಟಿ ಮೆತ್ತಗೆ ಅಡಿ ಇಟ್ಟು ಒಳಗೆ ಹೋಗೂದು. ಅದ್ಕೆ ಮೆತ್ತಡಿ,’ ಎಂದ ಭಾವ, ಬಹಳ ತಿಳಿದವನ ಹಾಗೆ.

‘ಹುಚ್ಚ!’ ಮಾವಶಿ ಬುಟ್ಟಿಯ ಗರಿ ಸರಿಪಡಿಸುತ್ತ ಹೇಳಿದಳು. ‘ನಮ್ಮ ಆಯಿ ಕೆಂಪು ಮಣ್ಣು ಕಲಸ್ಕಂಡಿ ಅದ್ರ ನೆಲ ಮೆತ್ತೂಕೆ ಹೋಗ್ತಿತ್ತು. ಅಡಿ ಮೆತ್ತೂದು ವರ್ಷಾ ವರ್ಷಾ ಇರ್ತಿತ್ತು. ನಮ್ಮ ಆಯಿ ಮೆತ್ತಿದ ಅಡಿ ಅದು.’

ನಾನೂ ಸುಮ್ಮನಿರದೆ ಅಜ್ಜಿಯ ಮೆತ್ತನ್ನು ತಂದು ನಡುವೆ ಇಟ್ಟೆ. ಆಮೇಲೆ ಮಾತಿಗೆ ತಡೆಯಿರಲಿಲ್ಲ. ಲಾರಿ ಹೋದಾಗ ನಿಲ್ಲುವುದು, ಹೋದ ಮೇಲೆ ಮತ್ತೆ ಮೊದಲಿಂದ ಹಿಡಿಯುವುದು. ಬಾಗಿಲ ಪಕ್ಕ ಗಂಟೆ ಇತ್ತು ಎಂದಳು ಮಾವಶಿ. ಗಂಟೆಯಲ್ಲ, ರೈಲಿನ ಹಳಿಯ ತುಂಡು ಎಂದ ಭಾವ. ಗಂಟೆ ಒಡೆದ ಮೇಲೆ ಹಳಿ ಕಟ್ಟಿದ್ದು ಎಂದು ಅಕ್ಕೋರು ನೆಲ ನೋಡುತ್ತಲೇ ಇಬ್ಬರಿಗೂ ಅರ್ಧರ್ಧ ಹಂಚಿದರು. ಸುಗ್ಗಿ ಮುಗಿದ ಮೇಲಿನ ಲಿಲಾವಿನ ನೆನಪು ಬಂತು. ಚಾಪೆಲ್ಲಿನವರು ತಮ್ಮ ಬೆಳೆಯ ಮೊದಲ ಪಾಲನ್ನು ದೇವರಿಗೆ ತಂದು ಒಪ್ಪಿಸಿ, ಆಮೇಲೆ ಅಂಗಳದಲ್ಲಿ ಅದನ್ನು ಹರಾಜು ಕೂಗುತ್ತಿದ್ದರು. ಕೂಗುವವರು ಕಂಪೌಂಡರು, ಕೊಳ್ಳುವವರಲ್ಲಿ ಮುಕ್ಕಾಲು ಪಾಲು ನಮ್ಮವರು. ಕೊಂಡವರು ಕೊಂಡದ್ದನ್ನು ಮತ್ತೆ ಕೂಗಲು ಬಿಟ್ಟುಕೊಡುವುದು ಅಲ್ಲಿಯ ಮರ್ಯಾದೆ, ಹಾಗಾಗಿ ಒಂದೇ ಕೋಳಿ ಮಧ್ಯಾಹ್ನದವರೆಗೂ ಕೈಯಿಂದ ಕೈಗೆ ಹೋಗಿ ಸುಸ್ತಾಗುತ್ತಿತ್ತು. ನನ್ನ ಅಜ್ಜಿ ಪ್ರತಿ ಸಲ ಒಂದು ಕುಂಬಳಕಾಯಿ ಕಳಿಸುತ್ತಿದ್ದಳು. ಕಳಿಸಿದ ಮೇಲೆ ತಡೆಯಲಾರದೆ ತಾನೇ ಹೋಗಿ ನಿಂತು, ತನ್ನ ಕುಂಬಳಕಾಯಿ ಆಚೆಮನೆಯವಳ ಪಾಲಾಗಬಾರದೆಂದು ಜಿದ್ದಿಗೆ ಬಿದ್ದು ಕೊಂಡು ತಲೆಯ ಮೇಲೆ ಹೊತ್ತು ತರುತ್ತಿದ್ದಳು.

‘ಕೆಡವಿದ ದಿನ ನಾ ಇಲ್ಲೇ ಇದ್ದೆ,’ ಎಂದ ಭಾವ. ‘ಜೇಸಿಬಿ ಮೊದ್ಲು ಬಾಗಿಲ ಮೇಲಿನ ಗೋಡೆಗೇ ಕೈ ಹಾಕ್ತು. ಅದು ಬಿದ್ದದ್ದೂ ನೀಲಿ ಅಕ್ಷರ ಎಲ್ಲಾ ಪುಡಿ ಪುಡಿ.’

ಮಾವಶಿ ತಗ್ಗಿದ ದನಿಯಲ್ಲಿ, ‘ಮೆಟ್ಟಿಲ ಕಲ್ಲು ನಮ್ಮನೇಲಿ ಅದೆ ಅಕ್ಕೋರೆ. ನನ್ನ ಮಗ ತಂದ. ಬಟ್ಟೆ ಒಗೂಕೆ ಹಾಕಂಡೀವಿ. ಪಾಪ ಬರ್ತದಾ?’ ಎಂದು ಕೇಳಿದಳು.

‘ಒಗಿ, ಒಗಿ,’ ಎಂದರು ಅಕ್ಕೋರು. ‘ಅದು ಇದ್ದದ್ದೇ ಕೊಳೆ ಹೊರಗೆ ಬಿಟ್ಟು ಬರೂಕೆ.’

ಎಲ್ಲರೂ ನಕ್ಕರು. ಆ ನಗುವಿನ ಮೇಲೇ ಮೆಂಬರ ಮೋಟಾರ್‌ಸೈಕಲ್ಲಿಗೆ ಒದೆ ಕೊಟ್ಟು, ‘ಹಂಗಾರೆ ಮೆತ್ತಡಿ ಅಂತ ಕೊಟ್ಟೆ,’ ಎಂದ.

‘ಬೇಡ,’ ಎಂದರು ಅಕ್ಕೋರು.

ಅವನು ಗಾಡಿ ಆರಿಸಿದ.

‘ಮೆಥೊಡಿಸ್ಟ್ ಚಾಪೆಲ್ ಅಂತ ಬರೆಸ್ತೀಯಾ, ಬರೆಸು. ಇಲ್ಲಾಂದ್ರೆ ಏನೂ ಬೇಡ. ಆ ಹೆಸರು ಬೇಡ. ನಮ್ಮಪ್ಪ ಏಣಿ ಹತ್ತಿ ಒಂದೊಂದೇ ಅಕ್ಷರ ಬರೆದಿದ್ರು. ಅವ್ರಿದ್ದಾಗಲೂ ನೀವು ಅದನ್ನ ಓದಲಿಲ್ಲ. ಈಗ ಗೋಡೆ ಹೋಯ್ತು, ಇನ್ನು ನಿಮ್ಮ ತಪ್ಪನ್ನೇ ಬೋರ್ಡು ಮಾಡಿ ನಿಲ್ಲಿಸ್ತೀರಾ?’

‘ಅಕ್ಕೋರೆ, ಚಾಪೆಲ್ ಅಂತ ಬರೆದ್ರೆ ಚಾಪೆಲ್ ಎಲ್ಲದೆ ಅಂತ ಕೇಳ್ತ್ರು. ಇಲ್ಲದ ಕಟ್ಟಡದ ಹೆಸ್ರು ಕೊಡೂಕೆ ಬರೂದಿಲ್ಲಂತೆ, ಕೇಳಿ ನೋಡ್ದೆ ನಾನು. ಊರವ್ರು ಕರೆಯೂ ಹೆಸ್ರಾದ್ರೆ ಆಗ್ತದೆ.’

‘ಹಾಗಾದ್ರೆ ಬೇಡ,’ ಎಂದು ಅವರು ಕೊಡೆ ಬಿಚ್ಚಿ ಮನೆಯ ದಾರಿ ಹಿಡಿದರು. ಆ ರವಿವಾರ ಅವರು ಆರಾಧನೆಗೆ ಹೋಗಲೇ ಇಲ್ಲ. ನಾವೂ ಅವರ ಮಾತು ಮೀರುವ ಧೈರ್ಯವಿಲ್ಲದೆ ಹಾಗೇ ಚದುರಿದೆವು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಅಂಗಳಕ್ಕೆ ಬಂದು ರಸ್ತೆ ನೋಡುವುದು, ಹಾಲು ಉಕ್ಕಿದ ವಾಸನೆಗೆ ಒಳಗೆ ಓಡುವುದು. ಅವರ್ಸಾಕ್ಕೆ ನಡೆದು ಬಸ್ಸು ಹತ್ತಿ ಅಂಕೋಲೆಯ ಆಫೀಸಿಗೆ ಹೋಗುವಾಗ ಕಿಟಕಿಯಿಂದ ಕಣಗಿಲೆಯ ದಿಣ್ಣೆ ಕಂಡರೆ, ಬಾಗಿಲು ಎಲ್ಲಿತ್ತು, ಮೆತ್ತು ಎಲ್ಲಿತ್ತು ಎಂದು ಕಣ್ಣು ಅಳೆಯಲು ಶುರು ಮಾಡುವುದು, ಅಳೆದು ಮುಗಿಯುವುದರೊಳಗೆ ಬಸ್ಸು ಮುಂದೆ ಹೋಗಿರುವುದು. ನೆಟ್ಟಗಿನ ರಸ್ತೆಯಲ್ಲಿ ಯಾವುದನ್ನೂ ಪೂರ್ತಿ ನೆನೆಯಲು ಬಿಡುವೇ ಸಿಗುವುದಿಲ್ಲ. ಗುರುವಾರ ಸಂಜೆ ತಡೆಯದೆ ಅಕ್ಕೋರ ಮನೆಗೆ ಹೋದೆ.

ಅವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನನ್ನನ್ನು ನೋಡಿದ್ದೇ, ‘ಮೆಂಬರ ಕಳಿಸಿದ್ನಾ?’ ಎಂದರು.

‘ಇಲ್ಲ ಅಕ್ಕೋರೆ. ನಾನೇ ಬಂದೆ.’

‘ಹಾಗಾದ್ರೆ ಕೂತ್ಕೋ. ನಿಂತು ನಿಂತು ನನಗೂ ತಲೆ ತಿರುಗಿಸ್ಬೇಡ. ನೀನು ಒಂದನೇ ಇಯತ್ತೆಯಲ್ಲೂ ಹೀಗೇ ಇದ್ದೆ, ಬೆಂಚಿನ ಮೇಲೆ ಇರುವೆ ಬಿಟ್ಟ ಹಾಗೆ.’

ಕೂತೆ. ಬೇರೆ ಬೇರೆ ಮಾತಾಯಿತು. ಪೇಟೆಯಲ್ಲಿ ಈಶಾಡು ಮಾವು ಬಂದಿದೆಯೋ ಇಲ್ಲವೋ, ಅವರ್ಸಾದಲ್ಲಿ ಯಾರ ಮನೆಯಲ್ಲಿ ಮದುವೆ. ಕೊನೆಗೆ ಅವರೇ ತಂದೆಯ ಮಾತು ತೆಗೆದರು, ಹೊಗಳುವ ದನಿಯಲ್ಲಲ್ಲ, ದೂರುವ ದನಿಯಲ್ಲಿ.

ಅವರಾಗ ಹತ್ತು ಹನ್ನೆರಡರ ಹುಡುಗಿ. ಕಾರವಾರದ ಆಚೆ ಕಿನ್ನರ ಎಂಬ ಊರಿನಲ್ಲಿ ಯಾರದೋ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲು ಹೊರಟ ಕಂಪೌಂಡರು ಮಗಳನ್ನೂ ಕರೆದುಕೊಂಡು ಹೋಗಿದ್ದರು. ತಿರುಗಿ ಬರುವಾಗ ಕದ್ವಾಡದ ಮೇಲಿಂದ ಕಾರವಾರಕ್ಕೆ ಬಂದು ಅಲ್ಲಿ ಅಂಕೋಲೆಯ ಬಸ್ಸು ಹತ್ತಿದರು. ಕಂಡಕ್ಟರ ಎಲ್ಲಿಗೆ ಎಂದ. ಕಂಪೌಂಡರು ಒಂದು ಕ್ಷಣವೂ ತಡೆಯದೆ, ‘ಮೆತ್ತಡಿಗೆ ಎರಡು,’ ಎಂದರು.

‘ನನಗೆ ಹೇಗಾಗಿರಬೇಕು ಹೇಳು. ಮನೇಲಿ ನಾನು ಆ ಶಬ್ದ ಆಡಿದ್ರೆ ಅಮ್ಮ ಬಾಯಿಗೆ ಹೊಡೀತಿದ್ದಳು. ಇವರು ನಾಲ್ಕು ಜನರ ಎದುರು ನಗ್ತಾ ಹೇಳಿದ್ರು. ಇಳಿದ ಮೇಲೆ ಕೇಳಿದೆ, ಅಪ್ಪಾ, ನೀವೇ ಹಾಗೆ ಹೇಳೋದಾ? ಅದಕ್ಕೆ ಏನಂದ್ರು ಗೊತ್ತಾ? ಎಲ್ಲಿ ಇಳಿಸ್ಬೇಕು ಅಂತ ಅವನಿಗೆ ತಿಳೀಬೇಕಲ್ಲ ಮಗಾ, ಅಂದ್ರು.’

ನಾನು ಬಾಯಿ ತೆರೆದೆ. ಅವರು ಎಣ್ಣೆಯ ಕೈಯನ್ನೇ ಎತ್ತಿ ತಡೆದರು.

‘ನೀನು ಏನು ಹೇಳ್ತೀಯ ಅಂತ ಗೊತ್ತು. ಹೇಳ್ಬೇಡ. ನಾನು ಆ ದಿನ ಮನೆವರೆಗೂ ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ಅಕ್ಕೋರಾಗಿ ಊರ ಮಕ್ಕಳ ನಾಲಿಗೆ ಎಲ್ಲಾ ತಿದ್ದಿದೆ, ಅಪ್ಪನ ಆ ಮಾತು ಒಂದನ್ನ ಬಿಟ್ಟು. ಚಾ ಕುಡೀತೀಯಾ?’

ಚಾ ಕುಡಿದು ಎದ್ದೆ. ಅವರು ಬಾಗಿಲವರೆಗೂ ಬಂದು, ಈ ರವಿವಾರ ನಡೆದೇ ಹೋಗುತ್ತೇನೆ, ನೀನು ಸಂತೆಗೆ ಬರುವುದಾದರೆ ಬೇಗ ಹೊರಡು ಎಂದರು.

ರವಿವಾರ ಹೊತ್ತು ಮೂಡುವಾಗಲೇ ಹೊರಟೆವು. ಅವರ್ಸಾದವರೆಗೆ ನಡೆಯುವಷ್ಟರಲ್ಲಿ ಅಕ್ಕೋರು ಎಷ್ಟು ಕಡೆ ನಿಂತರೋ. ಪ್ರತಿ ಸಲ ನಿಂತಾಗಲೂ ನಿಂತದ್ದು ಕಾಲಿಗಲ್ಲ, ಏನೋ ನೋಡಲಿಕ್ಕೆ ಎಂಬ ಹಾಗೆ ಕೊಡೆಯನ್ನು ಎತ್ತಿ ತೋರಿಸುತ್ತಿದ್ದರು: ಅಗೋ ಗದ್ದೆಯಲ್ಲಿ ಕೊಕ್ಕರೆ, ಅಗೋ ಆ ಮನೆಗೆ ಹೊಸ ಬಣ್ಣ. ಕಾರವಾರದಲ್ಲಿ ಅವರು ಚರ್ಚಿಗೆ, ನಾನು ಸಂತೆಗೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಸೇರಿದೆವು. ಮಾವಶಿಯೂ ಖಾಲಿ ಬುಟ್ಟಿಯನ್ನು ಕವುಚಿ ಹಾಕಿಕೊಂಡು ಬಂದಳು. ಅಕ್ಕೋರ ಮುಖ ಹಾಡಿದವರ ಮುಖದ ಹಾಗೆ ಹಗುರಾಗಿತ್ತು, ಕಾಲು ಮಾತ್ರ ನೆಲಕ್ಕೆ ಊರುತ್ತಿರಲಿಲ್ಲ.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಕಂಡಕ್ಟರ ಹುಬ್ಬಳ್ಳಿ ಕಡೆಯ ಹುಡುಗ, ಹೊಸಬ. ಅಕ್ಕೋರು ಟಿಕೆಟ್ಟಿಗೆ ಕೈ ಚಾಚಿ, ಪಾಠ ಹೇಳುವ ದನಿಯಲ್ಲಿ ಕೇಳಿದರು: ‘ಅವರ್ಸಾ ದಾಟಿದ ಮೇಲೆ ಮೆಥೊಡಿಸ್ಟ್ ಚಾಪೆಲ್ ಹತ್ತಿರ ನಿಲ್ಲಿಸ್ತೀಯಾ, ಮಗಾ?’

‘ಯಾವ ಚಾಪೆಲ್ ಬೇ ಅಜ್ಜಿ? ಮಷಿನ್ಯಾಗ ಇಲ್ಲ. ಅಲ್ಲಿ ರಸ್ತಾ ಬಿಟ್ರ ಏನೈತಿ? ಅವರ್ಸಾದಾಗ ಇಳೀರಿ, ಇಲ್ಲಾ ಮುಂದಿನ ಸ್ಟಾಪಿಗೆ ಬರ್ರಿ.’

‘ಅಲ್ಲಿ ಇತ್ತು.’

‘ಇತ್ತು ಅಂದ್ರ ಹೆಂಗ್ರಿ ನಿಲ್ಸೂದು?’ ಎಂದು ಅವನು ಮುಂದಿನ ಸ್ಟಾಪಿನ ಟಿಕೆಟ್ ಹರಿದು ಕೊಟ್ಟು ಹೋದ.

ಅಕ್ಕೋರು ಟಿಕೆಟ್ಟನ್ನು ಬೈಬಲ್ಲಿನ ಚೀಲದೊಳಗೆ ಇಟ್ಟರು. ಅಮದಳ್ಳಿ ಹೋಯಿತು, ಹಾರವಾಡ ಹೋಯಿತು. ನನಗೆ ಮುಂದಿನ ಸ್ಟಾಪಿನಿಂದ ಆ ಬಿಸಿಲಿನಲ್ಲಿ ಇವರನ್ನು ಹೇಗೆ ನಡೆಸಿಕೊಂಡು ಬರಲಿ ಎಂಬ ಚಿಂತೆ. ರಿಕ್ಷಾ ಸಿಕ್ಕೀತೇ, ಭಾವನಿಗೆ ಫೋನು ಮಾಡಲೇ ಎಂದು ಚೀಲದೊಳಗೆ ಫೋನು ಹುಡುಕುತ್ತಿದ್ದೆ. ಅವರ್ಸಾ ಬಂತು, ಜನ ಇಳಿದರು, ಬಸ್ಸು ಹೊರಟಿತು. ಅಕ್ಕೋರು ಸೀಟಿನ ಸರಳು ಹಿಡಿದು ಎದ್ದು ನಿಂತರು.

‘ಕೂತ್ಕಣಿ ಅಕ್ಕೋರೆ,’ ಎಂದಳು ಮಾವಶಿ. ‘ಬೀಳ್ತ್ರಿ.’

ಅವರು ಕೂರಲಿಲ್ಲ. ಬಗ್ಗಿ ಕಿಟಕಿಯಿಂದ ನೋಡುತ್ತಿದ್ದರು. ದೂರದಲ್ಲಿ ಕಣಗಿಲೆಯ ಗಿಡಗಳು ಕಂಡವು. ಬಸ್ಸಿನ ವೇಗ ಏರುತ್ತಿತ್ತು. ಅವರ ತುಟಿ ಒಮ್ಮೆ ಕೂಡಿ ಬಿಚ್ಚಿತು, ಮತ್ತೆ ಕೂಡಿತು. ಆಮೇಲೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ಒಂದು ಕೂಗು ಬಂತು.

‘ಮೆತ್ತಡಿ! ಏಯ್, ಮೆತ್ತಡಿ ಬಂತು! ಇಳೂದದೆ!’

ಅದು ಅಕ್ಕೋರ ದನಿ ಎಂದು ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಕಂಡಕ್ಟರ ಬಾಯಿ ತೆರೆಯುವ ಮೊದಲೇ ಬಸ್ಸು ಎಡಕ್ಕೆ ಬಂದು ಕಿರುಗುಟ್ಟಿ ನಿಂತಿತು. ಡ್ರೈವರ ಈ ಕಡೆಯವನೇ, ತಲೆ ನರೆತವನು. ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ, ‘ಮೆತ್ತಡಿಗಾ? ಮೊದ್ಲೇ ಹೇಳೂಕೆ ಎಂತಾಗಿತ್ತು?’ ಎಂದು ಗೊಣಗಿದ.

ಇಳಿದೆವು. ಇಳಿದದ್ದು ಗುಡ್ಡದ ಬದಿಗೆ. ಮನೆಗಳೆಲ್ಲ ಸಮುದ್ರದ ಬದಿಗೆ. ಆಚೆ ಬದಿಯಲ್ಲಿ ಭಾವ ಅಂಗಡಿಯಿಂದ ಹೊರಗೆ ಬಂದು ಎರಡೂ ಕೈ ಎತ್ತಿ, ಈಗ ಬೇಡ, ಈಗ ಬನ್ನಿ, ಅಲ್ಲ ಬೇಡ ಎಂದು ಪೋಲೀಸನ ಹಾಗೆ ಸನ್ನೆ ಮಾಡುತ್ತಿದ್ದ. ಒಂದು ಸಾಲು ಲಾರಿ ಹೋದ ಮೇಲೆ ಮಾವಶಿ ಒಂದು ಕೈ, ನಾನು ಒಂದು ಕೈ ಹಿಡಿದು ಅಕ್ಕೋರನ್ನು ನಡುವಿನ ದಿಣ್ಣೆಗೆ ಹತ್ತಿಸಿದೆವು. ಅಷ್ಟರಲ್ಲಿ ಇನ್ನೊಂದು ಬದಿಯ ಸಾಲು ಶುರುವಾಯಿತು. ಕಣಗಿಲೆಯ ನಡುವೆ ನಿಂತುಕೊಂಡೆವು. ಎರಡೂ ಕಡೆಯ ಗಾಳಿಗೆ ಸೀರೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

ಅಕ್ಕೋರು ಕಾಲಡಿಯ ಮಣ್ಣು ನೋಡಿದರು. ಡಾಂಬರು ಬೀಳದೆ ಉಳಿದದ್ದು ಅದೊಂದೇ ಪಟ್ಟಿ. ‘ಹಾರ್ಮೋನಿಯಂ ಇಲ್ಲಿ ಇರ್ತಿತ್ತು,’ ಎಂದು ಕೊಡೆಯ ತುದಿಯಿಂದ ಮುಟ್ಟಿ ತೋರಿಸಿದರು. ‘ಅಲ್ಲ, ಇಲ್ಲಿ. ಅಪ್ಪ ಅದರ ಹಿಂದೆ ನಿಲ್ತಿದ್ರು.’

‘ಆಯ್ತು ಅಕ್ಕೋರೆ, ಅಪ್ಪನ ಹತ್ರ ಇನ್ನೊಂದಿನ ಮಾತಾಡ್ವ,’ ಎಂದಳು ಮಾವಶಿ ಅವರ ರಟ್ಟೆ ಎಳೆಯುತ್ತ. ‘ಈಗ ಖಾಲಿ ಅದೆ, ನಡೀರಿ.’

ಅಂಗಡಿ ಮುಟ್ಟಿದ್ದೇ ಅಕ್ಕೋರು ಬೆಂಚಿನ ಮೇಲೆ ಕೂತು ನೀರು ಕೇಳಿದರು. ಕುಡಿದು ಮುಗಿಸಿ, ಮೆಂಬರನಿಗೆ ಫೋನು ಹಚ್ಚು ಎಂದು ಭಾವನಿಗೆ ಹೇಳಿದರು. ಫೋನನ್ನು ಕಿವಿಗೆ ಒತ್ತಿಕೊಂಡು ಅವರು ಹೇಳಿದ್ದು ಇಷ್ಟು:

‘ಬರೆಸು. ಮೆತ್ತಡಿ ಅಂತಲೇ ಬರೆಸು. ಆದ್ರೆ ತ-ಕ್ಕೆ ತ ಒತ್ತು ಕೊಡ್ಬೇಕು. ತಪ್ಪು ಹೆಸರಾದ್ರೂ ಸರಿಯಾಗಿ ಬರೀಬೇಕು. ಕೇಳಿಸ್ತಾ? ಹೇಳು ನೋಡುವಾ ಒಂದು ಸಲ.’

ಆ ಕಡೆಯಿಂದ ಮೆಂಬರ ಹೇಳಿದ್ದು ನಮಗೆ ಕೇಳಿಸಲಿಲ್ಲ. ಸರಿಯಾಗಿಯೇ ಹೇಳಿರಬೇಕು, ಅಕ್ಕೋರು ‘ಹ್ಞಾಂ’ ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಬದಿಗೆ ತಂಗುದಾಣ ಎದ್ದಿತು. ಮುಂಗಟ್ಟಿನಲ್ಲಿ ಕಟ್ಟಿಸಿಕೊಟ್ಟವರ ಹೆಸರುಗಳು ದೊಡ್ಡದಾಗಿ ಬಂದವು, ಜಾಗದ ಹೆಸರಿಗೆ ಸಿಕ್ಕಿದ್ದು ಬದಿಯ ಕಂಬ, ಅದೂ ಎದೆಯೆತ್ತರಕ್ಕೆ. ಪೇಂಟರ ಅಲ್ಲಿ ‘ಮೆತಡಿ’ ಎಂದು ಬರೆದು ಹೋಗಿದ್ದ. ಒತ್ತು ಬಿಟ್ಟಿತ್ತು. ಮೆಂಬರ ಅವನನ್ನು ಮತ್ತೆ ಕರೆಸುತ್ತೇನೆ ಎಂದ, ಇನ್ನೂ ಕರೆಸುತ್ತಲೇ ಇದ್ದಾನೆ. ಬಸ್ಸು ಮಾತ್ರ ನಿಲ್ಲುತ್ತದೆ. ಕಂಡಕ್ಟರನ ಮಷೀನಿನಲ್ಲೂ ಹೆಸರು ಬಂದಿದೆ.

ಅಕ್ಕೋರು ಬೈಬಲ್ಲಿನ ಚೀಲದಲ್ಲಿ ಈಗ ಒಂದು ಸೀಮೆಸುಣ್ಣದ ತುಂಡು ಇಟ್ಟುಕೊಂಡಿರುತ್ತಾರೆ. ಬಸ್ಸು ಬರುವ ಮೊದಲು ಕಂಬದ ಹತ್ತಿರ ಹೋಗಿ ತ-ದ ಕೆಳಗೆ ಒತ್ತು ಬರೆಯುತ್ತಾರೆ. ವಾರದಲ್ಲಿ ಯಾರದೋ ಬೆನ್ನು ತಾಗಿ, ಇಲ್ಲವೇ ಒಂದು ಸಣ್ಣ ಮಳೆಗೆ ಅದು ಅಳಿಸಿ ಹೋಗಿರುತ್ತದೆ. ಮುಂದಿನ ರವಿವಾರ ಮತ್ತೆ ಬರೆಯುತ್ತಾರೆ. ಕಳೆದ ರವಿವಾರ ಬಸ್ಸು ಬೇಗ ಬಂತು. ನಾನು, ಮಾವಶಿ ಹತ್ತಿದೆವು. ಅಕ್ಕೋರು ಇನ್ನೂ ಕಂಬದ ಎದುರು ಬಗ್ಗಿಕೊಂಡಿದ್ದರು. ಅದೇ ಹುಬ್ಬಳ್ಳಿಯ ಹುಡುಗ ಫುಟ್‌ಬೋರ್ಡಿನ ಮೇಲೆ ನಿಂತು ಸೀಟಿ ಬಾಯಿಗಿಟ್ಟ, ಊದಲಿಲ್ಲ. ಅವರು ಬರೆದು ಮುಗಿಸಿ, ಕೈ ಕೊಡವಿ, ಹತ್ತಿ ಬಂದ ಮೇಲೆ ಊದಿದ.